ಓದದೆ ಇಟ್ಟ ಕೌಲುಪತ್ರ

ಚಿತ್ತಾಪುರದ ಕಚೇರಿ ಮುಂದ, ಬೇವಿನ ಗಿಡದ ಕೆಳಗ, ಅರ್ಜಿ ಬರಿಯೋರು ನಾಲ್ಕು ಮಂದಿ ಕುಂದ್ರತಿದ್ರು. ನಾಲ್ವರಾಗ ದೇವಿಂದ್ರಪ್ಪನ ಗತ್ತೇ ಬ್ಯಾರೆ. ಮಿಕ್ಕ ಮೂವರಿಗಿ ಕನ್ನಡ ಅಷ್ಟೇ ಬರ್ತಿತ್ತು. ಇಂವ ನಿಜಾಮರ ಕಾಲದಾಗ ಏಳನೇತ್ತೆ ತನಕ ಉರ್ದೂ ಸಾಲಿ ಕಲಿತವ. ಮೈಸೂರು ರಾಜ್ಯದಾಗ ಕೂಡಿದ ಮ್ಯಾಲ ಕನ್ನಡಾನೂ ತಿದ್ದಿ ತಿದ್ದಿ ದುಂಡಗ ಮಾಡಿಕೊಂಡವ. ತಲಿ ಮ್ಯಾಲ ಕರಿ ಟೊಪಗಿ, ಮುಂದ ಇಳಿಜಾರು ಡೆಸ್ಕು, ಡೆಸ್ಕಿನ ಮ್ಯಾಲ ಎರಡು ದೌತಿ, ಒಂದರಾಗ ಕರಿ ಮಸಿ, ಒಂದರಾಗ ಕೆಂಪು. ಕಚೇರಿ ಜವಾನರು ಸೈತ ಹೋಗ್ತಾ ಬರ್ತಾ ಇವನಿಗಿ ಸಲಾಮ್ ಹೊಡಿತಿದ್ರು.

ಎಪ್ಪತ್ನಾಕರ ಕಾಯ್ದೆ ಬಂತು ನೋಡ್ರಿ, ಉಳೋನಿಗೇ ಹೊಲ ಅಂತ ಸರ್ಕಾರ ಸಾರಿತು, ದೇವಿಂದ್ರಪ್ಪನ ನಸೀಬು ಖುಲ್ಲಾ ಆತು. ಮಂದಿ ಜಂತಿ ಸಂದ್ಯಾಗ, ಬಿದಿರ ನಳಿಗ್ಯಾಗ ಸುತ್ತಿ ಇಟ್ಟಿದ್ದ ಹಳೀ ಕಾಗದ ಎಲ್ಲ ಹೊರಗ ತಗದ್ರು. ಅವೆಲ್ಲಾ ಉರ್ದೂದಾಗ. ಹೊಲದ ತಕರಾರು ತೀರಸೋ ನ್ಯಾಯಮಂಡಳಿಗಿ ಬೇಕಾದದ್ದು ಕನ್ನಡ. ನಡುವ ಯಾರಪ್ಪಾ ಅಂದ್ರ ದೇವಿಂದ್ರಪ್ಪ. ನಾಲವಾರದಿಂದ ಹಿಡಿದು ಆಡಕಿ ತನಕ ಮಂದಿ ಇವನ ಡೆಸ್ಕಿನ ಮುಂದ ಕುಕ್ಕರಗಾಲಿಲೆ ಕುಂದ್ರತಿದ್ರು.

ಇಂವ ಸೋಮಾರಿ ಅಂತ ಮಾತ್ರ ಅನಬ್ಯಾಡ್ರಿ. ಮುಂಜಾನಿ ಒಂಬತ್ತಕ್ಕ ಬಂದು ಕುಂತ್ರ ಸಂಜಿ ತನಕ ಎದ್ದು ನೀರ ಸೈತ ಕುಡಿತಿರಲಿಲ್ಲ. ಬಾವಿ ಅರ್ಜಿ, ಪಾಲಿನ ಅರ್ಜಿ, ಗಂಡ ಬಿಟ್ಟವಳ ಅರ್ಜಿ, ಎಲ್ಲ ಕೇಳಿದ ತಾಸಿನಾಗ ಬರದು ಕೈಗಿ ಕೊಡ್ತಿದ್ದ. ಆದ್ರ ಒಂದು ಜಾತಿ ಕಾಗದ ಬಂತಂದ್ರ ಮಾತ್ರ ಇವನ ಬಾಯಿಂದ ಒಂದೇ ಮಾತು: 'ನಾಳಿ ಬರ್ರಿ.' ನಾಳಿ ಬಂದ್ರ ಮತ್ತ ನಾಳಿ. ಆ ಕಾಗದ ಮನ್ಯಾಗಿನ ಹಸರು ಟ್ರಂಕಿನಾಗ ಹೋಗಿ ಮಲಗತಿತ್ತು.

ಯಾಕಂತೀರಿ? ಸಾಲ್ಯಾಗ ಕಲಿತದ್ದು ಅಚ್ಚಿನ ಉರ್ದೂ. ಅಕ್ಷರಕ್ಕ ಅಕ್ಷರ, ಚುಕ್ಕಿಗಿ ಚುಕ್ಕಿ, ಸಾಫ್ ಸೀದಾ. ಹಳೀ ಪಟವಾರಿಗಳು, ಊರ ಲೆಕ್ಕದೋರು, ಬರಿತಿದ್ದದ್ದು ಹಂಗಲ್ಲ. ಅವರ ಕಲಮು ಕಾಗದದ ಮ್ಯಾಲ ಓಡೋದು, ನಿಂದ್ರೋದಲ್ಲ. ಒಂದು ಅಕ್ಷರ ಇನ್ನೊಂದರ ಹೆಗಲ ಮ್ಯಾಲ, ಚುಕ್ಕಿ ಅಂತೂ ಇಡ್ತಿದ್ದೇ ಇಲ್ಲ. ಘಸೀಟು ಅಂತಿದ್ರು ಅದಕ್ಕ. ಆ ಘಸೀಟು ಓದಲಿಕ್ಕ ದೇವಿಂದ್ರಪ್ಪಗ ಬರ್ತಿರಲಿಲ್ಲ. ಒಂದು ಅಕ್ಷರಾನೂ ಬರ್ತಿರಲಿಲ್ಲ. ಇದು ತಾಲೂಕಿನಾಗ ಒಬ್ಬರಿಗೂ ಗೊತ್ತಿರಲಿಲ್ಲ, ಕಟಕೊಂಡ ಹೆಂಡತಿಗಿ ಸೈತ.

ಮೊದಲ ಹ್ಯಾಂಗ ನಡಿತಿತ್ತಂದ್ರ, ಶಹಾಬಾದದಾಗ ಹಾಜಿಮಲಂಗ್ ಮುನ್ಶಿ ಅಂತ ಒಬ್ಬ ಮುದುಕರಿದ್ರು. ಅಮಾಸಿಗೊಮ್ಮೆ ದೇವಿಂದ್ರಪ್ಪ 'ಶಹಾಬಾದದ ಅಕ್ಕನ ನೋಡಿ ಬರ್ತೀನಿ' ಅಂತ ಹೇಳಿ ರೈಲು ಹತ್ತಿ ಅವರ ಮನಿಗಿ ಹೋಗ್ತಿದ್ದ. ಮುನ್ಶಿ ಕಾಗದ ತಗೊಂಡು, 'ಬೆಳಕು ಒಳಗ ಛಲೋ ಅದ, ನೀ ಚಾ ಕುಡಿ' ಅಂತ ಒಳಗ ಹೋಗೋರು. ಅರ್ಧ ತಾಸಿಗಿ ಹೊರಗ ಬಂದು ಕಣ್ಣ ಮುಚ್ಚಿ ಗಡಗಡ ಹೇಳೋರು, ಇಂವ ಬರಕೊಳ್ಳಾಂವ. ಊರಿಗಿ ಬಂದು ತಾನೇ ಓದಿದ್ದು ಅಂತ ಕೊಡಾಂವ. ಎರಡು ವರ್ಷದ ಹಿಂದ ಮುನ್ಶಿ ತೀರಿಕೊಂಡ್ರು. ಅವತ್ತಿನಿಂದ ಟ್ರಂಕು ತುಂಬಲಿಕ್ಕ ಸುರು ಆತು.

ಅದೇ ಟ್ರಂಕಿನಾಗ ಹಣಮಮ್ಮನ ಕಾಗದಾನೂ ಇತ್ತು.

ಹಣಮಮ್ಮ ನಾಲವಾರದಾಕಿ. ಗಂಡ ಸತ್ತು ಮೂರು ವರ್ಷ. ಎಂಟು ಎಕರೆ ಕರಿ ಹೊಲ, ಮಾವ ನರಸಪ್ಪನ ಕಾಲದಿಂದ ಇವರೇ ಉತ್ತಿದ್ದು, ಇವರೇ ಬಿತ್ತಿದ್ದು. ಹೊಲದ ಒಡೆಯ ಹೈದರಾಬಾದಿನಾಗ. ಅವನ ಕಾರಭಾರಿ ಕಾಶಪ್ಪ ಅಂಬಾಂವ, 'ಇವರು ಕೂಲಿಗಿ ದುಡದವರು, ಗೇಣಿದಾರರಲ್ಲ' ಅಂತ ನ್ಯಾಯಮಂಡಳಿ ಮುಂದ ತಕರಾರು ಹಾಕಿದ್ದ. ಅಲ್ಲ ಅಂತ ತೋರಿಸಲಿಕ್ಕ ಹಣಮಮ್ಮನ ಹಂತ್ಯಾಕ ಇದ್ದದ್ದು ಒಂದೇ ಒಂದು ಕಾಗದ, ಮಾವ ಬರಿಸಿಕೊಂಡಿದ್ದ ಕೌಲುಪತ್ರ. ಅಂದ್ರ ಗೇಣಿ ಕರಾರು. ಅದರಾಗ ಏನದ ಅಂತ ಆಕಿಗಿ ಗೊತ್ತಿರಲಿಲ್ಲ, ಗಂಡಗೂ ಗೊತ್ತಿರಲಿಲ್ಲ. 'ಜ್ವಾಕಿಲಿ ಇಡ್ರಿ' ಅಂತ ಮಾವ ಹೇಳಿದ್ದ, ಇಟ್ಟಿದ್ರು.

ಶ್ರಾವಣದಾಗ ಆಕಿ ಅದನ್ನ ತಂದು ಎರಡೂ ಕೈಲೆ ದೇವಿಂದ್ರಪ್ಪಗ ಕೊಟ್ಳು. ಇಂವ ಬಿಚ್ಚಿ ನೋಡಿದ. ಘಸೀಟು, ಅದೂ ಕೆಟ್ಟ ಘಸೀಟು. ಮುಖ ಮಾತ್ರ ಗಂಭೀರ ಮಾಡಿ, ಕಾಗದ ಮಡಿಚಿ, 'ಮುಂದಿನ ವಾರ ಬರ್ರೆಮ್ಮ' ಅಂದ.

ಮುಂದಿನ ವಾರ ಬಂದ್ಳು. ನಾಲವಾರದಾಗ ರೈಲು ಹತ್ತಬೇಕು, ವಾಡಿಯಾಗ ಇಳೀಬೇಕು, ಎರಡು ತಾಸು ಪ್ಲಾಟ್‌ಫಾರ್ಮಿನ ಮ್ಯಾಲ ಕುಂದ್ರಬೇಕು, ಮತ್ತ ಚಿತ್ತಾಪುರದ ಗಾಡಿ ಹತ್ತಬೇಕು. ಒಂದು ದಿನದ ಕೂಲಿ ಹೋತು ಅಂತಲೇ ಲೆಕ್ಕ. 'ಆಗ್ಯಾದೇನ್ರಿ?' 'ಹಳೀ ಭಾಷಾ ಅದ, ಟೈಮ್ ಬೇಕಾಗ್ತದ.' ಮತ್ತ ಬಂದ್ಳು. 'ಮಸಿ ಛಲೋ ಸಿಗವಲ್ದು.' ಮತ್ತ ಬಂದ್ಳು. 'ಮನ್ಯಾಗ ಜಡ್ಡಿತ್ತು.' ದಸರಾ ಹೋತು, ದೀಪಾವಳಿ ಹೋತು, ಎಳ್ಳಮಾಸಿ ಹೋತು. ಹನ್ನೊಂದು ಸಲ ಬಂದ್ಳು ಆಕಿ. ಒಮ್ಮೆನೂ ಜಗಳ ಮಾಡಲಿಲ್ಲ. ಇವನ ಮುಖಾನೇ ನೋಡ್ಕೋತ ನಿಂದ್ರತಿದ್ಳು, ಆಮ್ಯಾಲ 'ಹಂಗಾದ್ರ ನಾಳಿ' ಅಂತ ತಾನೇ ಅಂದು ಹೋಗ್ತಿದ್ಳು.

ದೇವಿಂದ್ರಪ್ಪಗ ನೆಮ್ಮದಿ ಇತ್ತಂತ ತಿಳೀಬ್ಯಾಡ್ರಿ. ದಿನಾ ಮುಂಜಾನಿ ಏಳೋನು, ಇವತ್ತು ಕೂತು ಬಿಡಸೇ ಬಿಡ್ತೀನಿ ಅನ್ನೋನು. ಟ್ರಂಕಿನ ಮುಂದ ಹೋಗೋನು. ಮೊದಲು ಕಲಮು ಕೆತ್ತಮು ಅನಸೋದು. ಕಲಮು ಕೆತ್ತಿದ ಮ್ಯಾಲ ದೌತಿ ತೊಳಿಯಮು ಅನಸೋದು. ದೌತಿ ತೊಳದ ಮ್ಯಾಲ ಕಚೇರಿಗಿ ಹೊತ್ತಾತು ಅನಸೋದು. ಹೊತ್ತಾತು ಅಂತ ಗೊತ್ತಾದ ಕ್ಷಣ ಎದಿ ಮ್ಯಾಲಿನ ಕಲ್ಲು ಸರಿದಂಗ ಆಗ್ತಿತ್ತು, ಆ ಸುಖಕ್ಕೇ ಅಂವ ಬಲಿ ಬಿದ್ದಿದ್ದ. ಸಂಜಿಗಿ ಅದೇ ಕಲ್ಲು ಎರಡು ಪಟ್ಟು ಭಾರ ಆಗಿ ಬಂದು ಕುಂದ್ರೋದು. ಊಟ ರುಚಿಸ್ತಿರಲಿಲ್ಲ. ಬೀದ್ಯಾಗ ನಾಲವಾರದ ಕಡಿ ಸೀರಿ ಉಟ್ಟಾಕಿ ಯಾರರೆ ಕಂಡ್ರ ಸಾಕು, ಸಂದಿ ಹಿಡಿದು ಹೋಗ್ತಿದ್ದ. ಐವತ್ತು ವರ್ಷದ ಗಂಡಸು, ಥೂ!

ಮಾಘ ಮಾಸದಾಗ ವಿಚಾರಣಿ ನೋಟೀಸು ಬಂತು. ಬೇಸ್ತವಾರ ತಾರೀಖು. ಸೋಮವಾರ ಹಣಮಮ್ಮ ಬಂದು ನೋಟೀಸು ಡೆಸ್ಕಿನ ಮ್ಯಾಲ ಇಟ್ಟಳು.

'ಇದೇ ಕಡೀದಂತ್ರಿ. ಕಾಗದ ಇದ್ರ ತರ್ರಿ, ಇಲ್ದಿದ್ರ ಇದ್ದದ್ದರ ಮ್ಯಾಲ ತೀರ್ಪು ಕೊಡ್ತೀವಿ ಅಂದಾರ.'

ದೇವಿಂದ್ರಪ್ಪಗ ಬರಾಂಗಿಲ್ಲ ಅಂತ ಹೇಳಲಿಕ್ಕ ಅದೇ ಹೊತ್ತು ಇತ್ತು. ಪಕ್ಕದಾಗ ಮಿಕ್ಕ ಮೂವರು ಅರ್ಜಿ ಬರಿಯೋರು ಕಿವಿ ಇತ್ತಲೇ ಇಟ್ಟು ಕುಂತಿದ್ರು. ಇವನ ಬಾಯಿಂದ ಬಂದದ್ದು ಬ್ಯಾರೇನೇ.

'ಆಗ್ಯಾದೆಮ್ಮ. ಸಾಫ್ ಬರದು ಇಳಿಸೋದಷ್ಟೇ ಉಳದಾದ. ಬೇಸ್ತವಾರ ಮುಂಜಾನಿ ನಾನೇ ತರ್ತೀನಿ.'

ಹಣಮಮ್ಮ ಹೋಗಲಿಲ್ಲ. ಸೆರಗಿನ ಚುಂಗು ಬಾಯಿಗಿಟ್ಟುಕೊಂಡು ಭಾಳ ಹೊತ್ತು ಇವನ ಮುಖ ನೋಡಿದ್ಳು. 'ಖರೇ ಹೇಳ್ರಿ' ಅಂದ್ಳು ಸಣ್ಣ ದನಿಲೆ. 'ಏನರೆ ಇದ್ರ ಹೇಳ್ರಿ. ನಾ ತಡಕೋತೀನಿ.'

ಇವನಿಗಿ ಚುರಕ್ ಅಂತು. ಆಕಿಗಿ ಸಂಶಯ ಬಂದಾದ, ನನಗ ಓದಲಿಕ್ಕ ಬರಾಂಗಿಲ್ಲ ಅಂತ ಗೊತ್ತಾಗ್ಯಾದ ಅಂತ ತಿಳದು, ಸಿಟ್ಟಿಲೇ ಅಂದ: 'ಏನಿಲ್ಲ ಅಂದ್ನೆಲ್ಲ? ನಡೀರಿ, ಗಾಡಿ ತಪ್ಪತದ.'

ಆಕಿ ನೋಟೀಸು ಮಡಿಚಿ ಕುಬಸದಾಗ ಇಟಗೊಂಡು ಹೋದ್ಳು.

ಮಂಗಳವಾರ ಅಂವ ಕಚೇರಿಗೇ ಹೋಗಲಿಲ್ಲ. ಕದ ಹಾಕ್ಕೊಂಡು ಕೌಲುಪತ್ರ ಹಾಸಿಕೊಂಡು ಕುಂತ. ಅದೇ ಕರಿ ಗೆರಿ, ಅವೇ ಕೊಂಡಿ. ಮಧ್ಯಾಹ್ನದ ತನಕ ನೋಡಿದ್ರ ಗೊತ್ತಾದದ್ದು ಒಂದು 'ನಾಲವಾರ', ಒಂದು ಮೊಹರು. ಆಗ ತಲ್ಯಾಗ ಒಂದು ಕೆಟ್ಟ ವಿಚಾರ ಬಂತು. ಇಂಥ ಪತ್ರದಾಗ ಏನಿರ್ತದ ಅಂತ ಗೊತ್ತೇ ಅದ. ಮುನ್ಶಿ ಹೇಳಿ ನೂರು ಬರದೀನಿ. ಅಂದಾಜಿಲೆ ಕಟ್ಟಿ ಬರದುಬಿಟ್ರ? ಬರದೂ ಬರದ, ಎರಡು ಸಾಲು. 'ನಾಲವಾರ ಮೌಜೆ, ನರಸಪ್ಪ ಎಂಬವನಿಗೆ...' ಮೂರನೇ ಸಾಲಿಗಿ ವರ್ಷ ಬರೀಬೇಕಾತು. ಯಾವ ವರ್ಷ? ಸರ್ವೆ ನಂಬರು ಯಾವದು? ಮೂಡಲ ದಿಕ್ಕಿಗಿ ಏನದ, ಪಡುವಣ ದಿಕ್ಕಿಗಿ ಏನದ? ಕಾಶಪ್ಪನ ಕಡಿ ವಕೀಲ ಹೈದರಾಬಾದಿಂದ ಓದಬಲ್ಲವನ್ನ ಒಬ್ಬನ್ನ ಕರಕೊಂಡು ಬಂದನಂದ್ರ, ಹೊಲಾನೂ ಹೋತು, ಆ ಬಡವಿ ಸುಳ್ಳಿ ಅಂತಾನೂ ಆದ್ಳು. ಹಾಳಿ ಹರದು ಒಲಿಗಿ ಹಾಕಿದ. ಎದ್ದು ಹೋಗಿ ದೌತಿ ತೊಳೀಲಿಕತ್ತ.

ಹೆಂಡತಿ ಶಿವಕಾಂತಮ್ಮ ಬಚ್ಚಲ ಬಾಗಿಲದಾಗ ಬಂದು ನಿಂತ್ಳು.

'ಮುಂಜಾನಿಂದ ಇದು ಮೂರನೇ ಸಲ. ಯಾಕ, ದೌತಿಗಿ ಮದಿವಿ ಮಾಡ್ತೀರೇನು? ಅರಿಷಿಣ ಕಲಸಲ್ಯಾ?'

'ಮಸಿ ಹೆಪ್ಪುಗಟ್ಟ್ಯಾದ. ಬರೀಲಿಕ್ಕ ಬರವಲ್ದು.'

'ಕುಣೀಲಾರದಾಕಿ ನೆಲ ಡೊಂಕು ಅಂದ್ಳಂತ!'

ನಗಿಚಾಟಿಗಿ ಅಂದ ಮಾತು ಅದು. ಆದ್ರ ಇವನಿಗಿ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಬಚ್ಚಲದಾಗೇ ಕುಕ್ಕರಿಸಿದ. 'ಶಿವಕಾಂತಿ, ನಂಗ ಕುಣೀಲಿಕ್ಕ ಬರಾಂಗಿಲ್ಲ. ಆ ಕಾಗದ ನಂಗ ಓದಲಿಕ್ಕ ಬರಾಂಗಿಲ್ಲ. ಎಂದೂ ಬರ್ತಿರಲಿಲ್ಲ' ಅಂದ. ಮುನ್ಶಿ ಕತಿ, ಅಕ್ಕನ ಮನಿ ನೆವ, ಟ್ರಂಕು, ಹನ್ನೊಂದು ಸಲ, ಎಲ್ಲ ಹೇಳಿದ. ಹೇಳತಾ ಹೇಳತಾ ಕಣ್ಣಾಗ ನೀರು ಬಂದವು.

ಶಿವಕಾಂತಮ್ಮ ಬೈತಾಳ ಅಂತ ತಿಳಕೊಂಡಿದ್ದ. ಆಕಿ ಬೈಲಿಲ್ಲ. 'ಇದಕ್ಕೇನಾ ಆರು ತಿಂಗಳಿಂದ ಅನ್ನ ಬಿಟ್ಟಿದ್ದು?' ಅಂದ್ಳು. 'ನನಗ ಏನೋ ದೊಡ್ಡ ಜಡ್ಡು ಬಂದಾದ, ನನ್ನ ಮುಂದ ಮುಚ್ಚಲಿಕತ್ತಾರ ಅಂತ ಎದಿ ಹಿಡಕೊಂಡಿದ್ದೆ. ಏಳ್ರಿ. ಮುನ್ಶಿ ಹೋದ್ರ ಏನಾತು, ಅವರ ಮಗಳು ಖುರ್ಷಿದಬೇಗಂ ಅದಾಳಲ್ಲ. ಮನ್ಯಾಗ ಹುಡುಗೂರಿಗಿ ಉರ್ದೂ ಹೇಳಿಕೊಡ್ತಾಳ ಅಂತ ನಿಮ್ಮ ಅಕ್ಕನೇ ಅಂದಿದ್ರು. ಆಕಿನ್ನ ಕೇಳ್ರಿ.'

'ಹೆಣ್ಣಮಗಳ ಮುಂದ ಹೋಗಿ, ನಂಗ ಬರಾಂಗಿಲ್ಲ ಅಂತ ಹ್ಯಾಂಗ ಅನ್ಲಿ?'

'ಈಗ ನನ್ನ ಮುಂದ ಅಂದ್ರೆಲ್ಲ, ನಾ ಏನು ಗಂಡಸಾ?'

ಇಂವ ಎದ್ದು ಕೌಲುಪತ್ರ ಮಡಿಚಿ ಚೀಲದಾಗ ಇಟಗೊಂಡ.

ಬುಧವಾರ ಮುಂಜಾನಿ ಗಾಡಿಗಿ ಹೊಂಟ. ವಾಡಿಯಾಗ ಇಳಿದು ಇನ್ನೊಂದು ಗಾಡಿ ಕಾಯಬೇಕು. ಒಂದು ತಾಸು ಕುಂತ. ತಿರುಗಿ ಹೋಗಿಬಿಡಮು ಅಂತ ಎರಡು ಸಲ ಎದ್ದ, ಎರಡು ಸಲ ಕುಂತ. ಇಲ್ಲೇ, ಇದೇ ಕಲ್ಲಿನ ಕಟ್ಟಿ ಮ್ಯಾಲ ಆಕಿ ಹನ್ನೊಂದು ಸಲ ಕುಂತಿರಬೇಕಲ್ಲ ಅಂತ ನೆನಪಾಗಿ ಮೂರನೇ ಸಲ ಏಳಲಿಲ್ಲ. ಶಹಾಬಾದ ಗಾಡಿ ಬಂತು, ಹತ್ತಿದ.

ಖುರ್ಷಿದಬೇಗಂಗ ನಲವತ್ತರ ಮ್ಯಾಲ ವಯಸ್ಸು. ಫರಸಿ ಹಾಸಿದ ಪಡಸಾಲ್ಯಾಗ ಏಳೆಂಟು ಹುಡುಗೂರು ಹಲಗಿ ಹಿಡಕೊಂಡು ಕುಂತಿದ್ರು. ಇವನ್ನ ನೋಡಿ ಹುಡುಗೂರನ್ನ ಹೊರಗ ಆಡಲಿಕ್ಕ ಬಿಟ್ಟಳು. ತಲಿ ಮ್ಯಾಲ ಸೆರಗು ಸರಿ ಮಾಡಿಕೊಂಡು, 'ಬರ್ರಿ ಭಾಯ್, ಕುಂದ್ರಿ. ಅಬ್ಬಾ ಹೋದ ಮ್ಯಾಲ ಈ ಕಡಿ ಹಾದೀನೇ ಮರತ್ರಿ' ಅಂದ್ಳು.

ದೇವಿಂದ್ರಪ್ಪ ಕುಂದ್ರಲಿಲ್ಲ. ಕುಂತ್ರ ಮಾತು ಮತ್ತ ನಾಳಿಗಿ ಹೋಗ್ತದ ಅಂತ ಅಂಜಿಕಿ. ನಿಂತಲ್ಲೇ ಕಾಗದ ಮುಂದ ಚಾಚಿದ. 'ಇದು ನಂಗ ಓದಲಿಕ್ಕ ಬರಾಂಗಿಲ್ಲ ತಂಗಿ. ನಿಮಗ ಬರ್ತದೇನು?'

ಆಕಿ ಕಾಗದ ಬಿಚ್ಚಿ, ಕಿಟಕಿಗಿ ಹಿಡಿದು, ನೀರು ಕುಡದಂಗ ಓದಲಿಕತ್ಲು. ಉರ್ದೂದಾಗ ಒಂದು ಸಾಲು, ಹಿಂದಿಂದೇ ಕನ್ನಡದಾಗ ಅದರ ಅರ್ಥ. ಇಂವ ಬಾಯಿ ತಕ್ಕೊಂಡು ನಿಂತ. 'ಬರಕೊಳ್ರಿ ಭಾಯ್, ಏನು ನೋಡ್ತೀರಿ' ಅಂದ ಮ್ಯಾಲ ಕಲಮು ತಗದ. ನಿಜಾಮರ ಕಾಲದ ಲೆಕ್ಕದಾಗ ಫಸಲಿ ಹದಿಮೂರನೂರಾ ಐವತ್ತನೇ ಸನ. ನಾಲವಾರ ಮೌಜೆ, ಎಂಟು ಎಕರೆ. ಮೂಡಲಕ್ಕ ರೈಲು ದಾರಿ, ತೆಂಕಲಕ್ಕ ಹಳ್ಳ. ನರಸಪ್ಪ ಮತ್ತು ಅವನ ವಾರಸುದಾರರು ಗೇಣಿ ಕೊಟ್ಟು ಉಳತಕ್ಕದ್ದು, ಗೇಣಿ ಕೊಡೋ ತನಕ ಯಾರೂ ಬಿಡಿಸತಕ್ಕದ್ದಲ್ಲ. ಕೆಳಗ ಒಡೆಯನ ರುಜು, ಮೊಹರು, ಇಬ್ಬರು ಸಾಕ್ಷಿ. ಬೆಳದಿಂಗಳಂಗ ಸ್ಪಷ್ಟ. ಕಾಲು ತಾಸೂ ಹಿಡೀಲಿಲ್ಲ.

'ಇಷ್ಟ ಛಲೋ ಓದ್ತೀರಿ. ಮುನ್ಶಿ ಸಾಬರು ಕಲಿಸಿದ್ರೇನು?'

ಖುರ್ಷಿದಬೇಗಂ ನಕ್ಕಳು, ಆದ್ರ ಕಣ್ಣು ನಗಲಿಲ್ಲ. 'ಅಬ್ಬಾಗ ಮೋತಿಬಿಂದು ಆಗಿ ಎರಡೂ ಕಣ್ಣು ಹೋಗಿ ಹತ್ತು ವರ್ಷ ಆಗಿತ್ತು ಭಾಯ್. ನೀವು ತಂದ ಕಾಗದ ಒಳಗ ಓದ್ತಿದ್ದವಳು ನಾನೇ. ಅವರು ಕೇಳಿ ಬಾಯಿಪಾಠ ಮಾಡಿ ಹೊರಗ ಬಂದು ನಿಮಗ ಹೇಳ್ತಿದ್ರು. ಕುರುಡ ಮುನ್ಶಿ ಹಂತ್ಯಾಕ ಯಾರು ಬರ್ತಾರ ಅಂತ ಅವರಿಗಿ ಶರಮು, ನಾಚಿಕಿ.'

ದೇವಿಂದ್ರಪ್ಪ ಅಲ್ಲೇ ಫರಸಿ ಮ್ಯಾಲ ಕುಂತ. ಎರಡು ವರ್ಷ. ಓದೋಳು ಇದ್ದೇ ಇದ್ದಳು. ಹನ್ನೆರಡಾಣೆ ಟಿಕೇಟಿನಷ್ಟು ದೂರದಾಗ ಇದ್ದಳು. 'ಅವರಿಗೂ ನನ್ನಂಗೇ ಇತ್ತೇನು' ಅಂತ ಗೊಣಗಿದ.

'ಶರಮು ಇಬ್ಬರಿಗೂ ಇತ್ತು' ಅಂದ್ಳು ಆಕಿ. ಸಿಟ್ಟಿರಲಿಲ್ಲ, ಆದ್ರ ಮೆತ್ತಗೂ ಇರಲಿಲ್ಲ. 'ಅವರು ಶರಮು ಇಟಗೊಂಡೇ ನನ್ನ ಕೇಳಿದ್ರು, ಕೆಲಸ ಆತು. ನೀವು ಶರಮಿನ ಸಲುವಾಗಿ ಕೆಲಸಾನೇ ಮುಚ್ಚಿಟ್ರಿ. ಮಿಕ್ಕ ಕಾಗದಾನೂ ಇದ್ರ ತರ್ರಿ. ನಾ ಇಲ್ಲೇ ಅದೀನಿ.'

ಮರಳಿ ಬರುವಾಗ ದೇವಿಂದ್ರಪ್ಪಗ ಗಾಡಿಯಾಗ ಹಸಿವಾತು. ಎಷ್ಟೋ ತಿಂಗಳ ಮ್ಯಾಲ ಹಸಿವಾತು. ವಾಡಿಯಾಗ ನಾಲ್ಕು ಭಜಿ ತಿಂದ, ಎರಡು ಚಾ ಕುಡದ. ಮನಿಗಿ ಬಂದು ಮಲಕೊಂಡವನು ಎದ್ದದ್ದು ಹೊತ್ತು ಹುಟ್ಟಿದ ಮ್ಯಾಲೇನೇ.

ಬೇಸ್ತವಾರ ಮುಂಜಾನಿ ಬರಕೊಂಡ ಹಾಳಿ ಹಿಡಕೊಂಡು ನೆಟ್ಟಗ ಕಚೇರಿಗಿ ಹೋಗಬೇಕೋ ಬ್ಯಾಡೋ? ಹಳೀ ಚಟ ಅಷ್ಟು ಸಲೀಸು ಬಿಡ್ತದೇನ್ರಿ. ಅಲ್ಲಲ್ಲಿ ಕಾಟು ಬಿದ್ದಾವ, ಮಂಡಳಿ ಮುಂದ ಇಂಥಾದ್ದು ಇಡಬಾರದು, ಸಾಫ್ ಇಳಿಸಮು ಅನಿಸಿತು. ಅಂಚು ಬಿಟ್ಟು, ಕೆಂಪು ಮಸಿಲೆ ಗೆರಿ ಹೊಡದು, ಮುತ್ತಿನಂಥ ಅಕ್ಷರದಾಗ ಇಳಿಸಿದ. ಒಂದು ಕಡಿ ಮಸಿ ಚೆಲ್ಲಿತು, ಹೊಸ ಹಾಳಿ ತಗೊಂಡ. 'ಇನ್ನಾ ಹೋಗಿಲ್ಲೇನು?' ಅಂತ ಶಿವಕಾಂತಮ್ಮ ಒದರಿದಾಗ ಹನ್ನೊಂದು ಹೊಡದಿತ್ತು. ಟೊಪಗಿ ಮರತು ಓಡಿದ.

ಹಣಮಮ್ಮ ಕಚೇರಿ ಮೆಟ್ಟಲ ಮ್ಯಾಲ ಕುಂತಿದ್ಳು. ಎಡಗೈ ಹೆಬ್ಬಟ್ಟಿಗಿ ನೀಲಿ ಮಸಿ. ಅದನ್ನ ಸೆರಗಿಗಿ ವರಸಾಕತ್ತಿದ್ಳು, ಅದು ಹೋಗವಲ್ದಾಗಿತ್ತು.

'ಹಣಮಮ್ಮ! ಎಲ್ಲಾ ಆತು. ತಗೋರಿ, ನಿಮ್ಮ ಮಾವ...'

'ನಂದು ಕರದು ಮುಗೀತ್ರಿ' ಅಂದ್ಳು. ದನಿ ಶಾಂತ ಇತ್ತು. 'ರಾಜಿ ಮಾಡಿಕೊಂಡೆ. ಮೂರು ಎಕರೆ ನಮಗ, ಐದು ಎಕರೆ ಅವರಿಗಿ. ನೀವು ಸೋಮವಾರ ಆ ಪರಿ ಸಿಟ್ಟಾದ್ರಿ ನೋಡ್ರಿ, ಆಗೇ ನನ್ನ ಎದಿ ಒಡೀತು. ಮಂಗಳವಾರ ಕಾಶಪ್ಪ ಮನಿಗಿ ಬಂದ. ಬಂದಷ್ಟು ಬರ್ಲಿ ಅಂತ ಹೂಂ ಅಂದೆ.'

ದೇವಿಂದ್ರಪ್ಪಗ ತಿಳೀಲಿಲ್ಲ. 'ಯಾಕ? ನಾ ತರ್ತೀನಿ ಅಂದಿದ್ದೆನೆಲ್ಲ!'

'ನೀವು ದೊಡ್ಡೋರು, ಕೆಟ್ಟ ಸುದ್ದಿ ಮುಖಕ್ಕ ಹೇಳಲಿಕ್ಕ ಮನಸ್ಸಾಗಲಿಲ್ಲ, ನನಗ ಗೊತ್ತದ. ನಮ್ಮ ಕಡಿ ಹೆಣ್ಣು ನೋಡಲಿಕ್ಕ ಬಂದೋರು ಒಲ್ಲೆವು ಅಂತಾರೇನು? ನಾಳಿ ಹೇಳಿ ಕಳಸ್ತೀವಿ ಅಂತಾರ. ಅದು ಇಲ್ಲ ಅಂದಂಗೇ ಅಂತ ಹೆಣ್ಣಿನ ಕಡಿಯೋರು ಸುಮ್ಮ ಎದ್ದು ತಾಟು ತೊಳೀತಾರ. ನನ್ನ ಗಂಡನ ಜಡ್ಡಿಗಿ ಡಾಕ್ಟರು ಸೈತ ನಾಳಿ ನೋಡಮು, ನಾಳಿ ನೋಡಮು ಅಂತಲೇ ಅಂದ್ರು. ನೀವು ಹನ್ನೊಂದು ಸಲ ನಾಳಿ ಅಂದ್ರಿ. ಕಾಗದದಾಗ ನಮ್ಮ ವಿರುದ್ಧ ಬರದಾದ ಅಂತ ಎರಡನೇ ಸಲಕ್ಕೇ ತಿಳದೆ. ಆದ್ರೂ ಬಾಯಿ ಬಿಟ್ಟು ಒಮ್ಮೆ ಹೇಳಲಿ ಅಂತ ಬರ್ತಿದ್ದೆ.'

ದೇವಿಂದ್ರಪ್ಪ ಆಕಿ ಬಾಜೂಕ ಮೆಟ್ಟಲ ಮ್ಯಾಲೇ ಕುಂತ. ಅಲ್ಲೇ ಓದಿ ಹೇಳಿದ: ಎಂಟು ಎಕರೆ, ರೈಲು ದಾರಿ, ಹಳ್ಳ, ವಾರಸುದಾರರು, ಯಾರೂ ಬಿಡಿಸತಕ್ಕದ್ದಲ್ಲ. ಹಣಮಮ್ಮ ಕೇಳತಾ ಕೇಳತಾ ಹೆಬ್ಬಟ್ಟು ವರಸೋದು ನಿಲ್ಲಿಸಿದ್ಳು.

'ನಮ್ಮ ಕಡೀನೇ ಅದೇನು?'

'ನಿಮ್ಮ ಕಡೀನೇ ಅದ.'

'ಎಲ್ಲಾನೂ?'

'ಎಲ್ಲಾನೂ.'

'ಹಂಗಾದ್ರ ಯಾಕ ಹೇಳಲಿಲ್ರಿ ನೀವು?'

ಅಂವ ಹೇಳಿದ. ಓದಲಿಕ್ಕ ಬರಲಿಲ್ಲ ಅಂತ ಹೇಳಿದ. ಹಣಮಮ್ಮ ಎರಡೂ ಕೈಲೆ ತಲಿ ಹಿಡಕೊಂಡು ಆ ಕಡಿ ಈ ಕಡಿ ತೂಗಲಿಕತ್ಲು. ಹೆಣ ಬಿದ್ದ ಮನ್ಯಾಗ ಹೆಣ್ಣಮಕ್ಕಳು ಹಂಗ ತೂಗ್ತಾರ.

ದೇವಿಂದ್ರಪ್ಪ ಎದ್ದ. ನ್ಯಾಯಮಂಡಳಿ ಗುಮಾಸ್ತನ ಮುಂದ ಹೋಗಿ ನಿಂತ, ಈ ರಾಜಿ ರದ್ದು ಮಾಡಿಸಲಿಕ್ಕ ಬರ್ತದೇನು ಅಂತ ಕೇಳಿದ. ಗುಮಾಸ್ತ ಚಸ್ಮಾದಾಗಿಂದ ನೋಡಿ ಅಂದ: 'ಆದೇಶಕ್ಕ ಇನ್ನಾ ಸಹಿ ಆಗಿಲ್ಲ, ಮಧ್ಯಾಹ್ನ ಒಂದಕ್ಕ ಆಗ್ತದ. ಅದರೊಳಗ ಅರ್ಜಿ ಕೊಡ್ರಿ. ಯಾರ ತಪ್ಪಿನಿಂದ ಈ ರಾಜಿ ಆತು, ಹ್ಯಾಂಗಾತು, ಖುಲ್ಲಾ ಬರೀಬೇಕು. ಗೋಲಮಾಲ ಬರದ್ರ ಒಗದುಬಿಡ್ತಾರ. ಕೊಟ್ರ ರದ್ದಾಗ್ತದ ಅಂತ ನಾ ಹೇಳಾಂಗಿಲ್ಲ. ಕೊಡದಿದ್ರ ಮಾತ್ರ ಆ ಐದು ಎಕರೆ ಹೋದಂಗೇ.'

ಬೇವಿನ ಗಿಡದ ಕೆಳಗ ಅವತ್ತು ಜಾತ್ರಿ ಕೂಡಿದಷ್ಟು ಮಂದಿ. ದೇವಿಂದ್ರಪ್ಪ ಡೆಸ್ಕಿನ ಮುಂದ ಕುಂತ. ಕಲಮು ಕೆತ್ತಲಿಲ್ಲ, ದೌತಿ ತೊಳೀಲಿಲ್ಲ, ಗೆರಿ ಹೊಡೀಲಿಲ್ಲ. ಕೈಗಿ ಸಿಕ್ಕ ಹಾಳಿ ಎಳಕೊಂಡು ಬರದ. ಇಪ್ಪತ್ತು ವರ್ಷ ಮಂದಿ ಹೆಸರಿಲೆ ಅರ್ಜಿ ಬರದವ, ತನ್ನ ಹೆಸರು ಹಾಕಿ ಬರದದ್ದು ಅದೇ ಮೊದಲು. ಒಂದು ಅಕ್ಷರ ಸೊಟ್ಟ, ಒಂದು ಕಾಟು. ಹತ್ತು ಮಿನಿಟಿನಾಗ ಮುಗೀತು.

'ಹೆಬ್ಬಟ್ಟು ಒತ್ರಿ' ಅಂದ, ಮಸಿ ಗಾದಿ ಮುಂದ ಸರಿಸಿ.

ಹಣಮಮ್ಮ ಕೈ ಹಿಂದಕ್ಕ ತಗೊಂಡ್ಳು. 'ಮೊದಲ ಓದಿ ಹೇಳ್ರಿ. ಓದಿ ಹೇಳದೆ ನಾ ಇನ್ನ ಮ್ಯಾಲ ಯಾವದಕ್ಕೂ ಒತ್ತಾಂಗಿಲ್ಲ.'

ಮಿಕ್ಕ ಮೂವರು ಬರಿಯೋದು ನಿಲ್ಲಿಸಿ ನೋಡಲಿಕತ್ತಿದ್ರು. ದೇವಿಂದ್ರಪ್ಪ ಸಣ್ಣಗ ಓದಿದ:

'ಹಣಮಮ್ಮನವರು ಶ್ರಾವಣ ಮಾಸದಲ್ಲಿ ತಮ್ಮ ಮಾವನ ಕೌಲುಪತ್ರವನ್ನು ನನ್ನ ಕೈಗೆ ಕೊಟ್ಟಿದ್ದರು. ಅದರ ಬರಹ ನನಗೆ ಓದಲು ಬರಲಿಲ್ಲ. ಬರುವುದಿಲ್ಲವೆಂದು ಹೇಳಲು ನಾಚಿಕೆಪಟ್ಟು ಆರು ತಿಂಗಳು ನಾಳೆ ನಾಳೆ ಎಂದು ಸುಳ್ಳು ಹೇಳಿದೆನು. ಅದರಿಂದ ಅವರು ಪತ್ರವು ತಮಗೆ ವಿರುದ್ಧವಿದೆ ಎಂದು ತಿಳಿದು ರಾಜಿಗೆ ಹೆಬ್ಬೆಟ್ಟು ಒತ್ತಿದರು. ತಪ್ಪು ಅವರದಲ್ಲ, ನನ್ನದು.'

'ಇನ್ನೊಂದು ಸಲ ಓದ್ರಿ' ಅಂದ್ಳು ಹಣಮಮ್ಮ. 'ಎದ್ದು ನಿಂತು ಓದ್ರಿ. ಆಚಿ ಕುಂತೋರಿಗಿ ಕೇಳಿಸಲಿಲ್ಲ.'

ಅಂವ ಎದ್ದು ನಿಂತ. ಗಿಡದ ಕೆಳಗಿನ ಮಾತೆಲ್ಲ ನಿಂತವು. ಹಣಮಮ್ಮನಂಗೇ ಕಾಗದ ಕೊಟ್ಟು ನಾಳಿ ಕೇಳಿಕೊಂಡು ಹೋದೋರು ಆ ಮಂದ್ಯಾಗ ಎಷ್ಟು ಮಂದಿ ಇದ್ರೋ, ಅವನಿಗಿ ಕಣ್ಣೆತ್ತಿ ನೋಡಲಿಕ್ಕ ಆಗಲಿಲ್ಲ. ಮೊದಲಿನಿಂದ ಕಡೀತನಕ ಜೋರಾಗಿ ಓದಿದ. 'ಓದಲು ಬರಲಿಲ್ಲ' ಅನ್ನೋ ಕಡಿ ದನಿ ಒಡೀತು, ನಿಲ್ಲಿಸಲಿಲ್ಲ.

ಹಣಮಮ್ಮ ಮಸಿ ಮ್ಯಾಲ ಹೆಬ್ಬಟ್ಟು ಹೊರಳಿಸಿ, ಅವನ ಹೆಸರಿನ ಕೆಳಗ ಒತ್ತಿದ್ಳು. ಒತ್ತಿ, ಅರ್ಜಿ ಅವನ ಕೈಗಿ ಕೊಡುವಾಗ ಅಂದ್ಳು:

'ಈ ಮಾತು ಶ್ರಾವಣದಾಗ ಅಂದಿದ್ರ, ನಾ ನಿಮಗ ಕೈ ಮುಗದು ಬ್ಯಾರೆ ಕಡಿ ಹೋಗ್ತಿದ್ದೆನ್ರಿ. ನಿಮ್ಮ ಮಾನಾನೂ ಉಳೀತಿತ್ತು, ನನ್ನ ಹೊಲಾನೂ ಉಳೀತಿತ್ತು.'

ದೇವಿಂದ್ರಪ್ಪ ಹೌದು ಅಂದ. ಒಂದಕ್ಕ ಇನ್ನಾ ಅರ್ಧ ತಾಸು ಇತ್ತು. ಇಬ್ಬರೂ ಮೆಟ್ಟಲ ಹತ್ತಿ ಒಳಗ ಹೋದ್ರು.